ಅಂಟಿನೊಳಗಿನ ನೊಣ

ಪದ್ಮಕ್ಕಾರೆ, ನಿಮ್ಮ ಯಜಮಾನರು ಮುಂಬೈಯಿಂದ ತಂದಿದ್ದ ಆ ಹಳದಿ ಹರಳು ಪ್ಲಾಸ್ಟಿಕ್ ಅಲ್ಲ. ಪ್ಲಾಸ್ಟಿಕ್ ಎಂದು ನಾನು ಸುಳ್ಳು ಹೇಳಿದೆ. ಗೊತ್ತಿದ್ದೂ ಹೇಳಿದೆ. ಅದು ಇವತ್ತಿಗೂ ನನ್ನ ಹತ್ತಿರವೇ ಇದೆ.

ಹುಕ್ಕೇರಿಯ ನಿಮ್ಮ ಮನೆಯ ಮಹಡಿಯ ಮೇಲೆ ನಾನು ಬಾಡಿಗೆಗಿದ್ದ ಕಾಲ. ಆಗಷ್ಟೇ ಕುಲಗೋಡದಿಂದ ಬಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳತೊಡಗಿದ್ದೆ. ನಿಮ್ಮ ಯಜಮಾನರು ಭರಮಣ್ಣನವರು ತೀರಿಕೊಂಡು ವರ್ಷವಾಗಿತ್ತು. ಒಂದು ದಿನ ನೀವು ಸೆರಗಿನ ಗಂಟು ಬಿಚ್ಚಿ, ಹುಣಸೆಬೀಜದಷ್ಟು ದೊಡ್ಡ ಹರಳನ್ನು ನನ್ನ ಅಂಗೈಗೆ ಹಾಕಿದಿರಿ. ಒಳಗೊಂದು ಸಣ್ಣ ನೊಣ, ರೆಕ್ಕೆ ಅಗಲಿಸಿಕೊಂಡೇ ಇತ್ತು.

"ಗಿಡದ ಅಂಟು ಕೋಟಿ ವರ್ಷ ನೆಲದಾಗ ಇದ್ದು ಕಲ್ಲಾಗೇತಿ ಅಂತಿದ್ರು ನಮ್ಮ ಮನಿಯವ್ರು. ಮಂದಿ ಎಲ್ಲಾ ನಕ್ಕರು. ನಾನೂ ನಕ್ಕೆನ್ರಿ. ನೀವು ಹುಳದ ವಿದ್ಯಾ ಕಲ್ತವ್ರು, ಖರೆ ಐತೋ ಸುಳ್ಳ ಐತೋ ನೋಡಿ ಹೇಳ್ರಿ, ಸರ."

ಮದುವೆಯಾದ ಹೊಸತರಲ್ಲಿ ನಿಮಗೆಂದೇ ತಂದದ್ದಂತೆ. ಜೈನರ ಮನೆಯ ಹೆಣ್ಣು ಸತ್ತ ಹುಳವನ್ನು ಕೊರಳಿಗೆ ಕಟ್ಟಿಕೊಳ್ಳುವುದುಂಟೇ ಎಂದು ನೀವು ದೂರ ಸರಿಸಿದ್ದಿರಿ. ನಿಮ್ಮ ಭಾವನವರಂತೂ, "ಗೋಕಾಕದ ಕರದಂಟಿನ ಅಂಗಡ್ಯಾಗ ಬೇಕಾದಷ್ಟ ಅಂಟು ಐತಲ್ಲೋ, ಅದಕ್ಕ ಮುಂಬೈಕ ಯಾಕ ಹೋದಿ?" ಎಂದು ತಮ್ಮನನ್ನು ಕಡೆಯತನಕ ಆಡಿಕೊಂಡರಂತೆ. ಇದನ್ನೆಲ್ಲ ನೀವು ನಗುತ್ತಲೇ ಹೇಳಿದಿರಿ. ಆದರೆ ಉತ್ತರಕ್ಕಾಗಿ ಬಾಗಿಲಲ್ಲೇ ನಿಂತಿದ್ದಿರಿ.

ಮರುದಿನ ಪರೀಕ್ಷಿಸಿದೆ. ಕರಗುವಷ್ಟೂ ಉಪ್ಪು ಕರಗಿಸಿದ ನೀರಿಗೆ ಹಾಕಿದೆ — ತೇಲಿತು; ಹೆಚ್ಚಿನ ಪ್ಲಾಸ್ಟಿಕ್ ಆದರೆ ಮುಳುಗುತ್ತದೆ. ಸೂಜಿ ಕಾಯಿಸಿ ಅಂಚಿಗೆ ಮುಟ್ಟಿಸಿದೆ — ಸುಟ್ಟ ಪ್ಲಾಸ್ಟಿಕ್ಕಿನದಲ್ಲ, ಬಸದಿಯ ಧೂಪದಂಥ ವಾಸನೆ. ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನೊಣದ ಹೊಟ್ಟೆಗೆ ಉಣ್ಣಿಯಂಥದೊಂದು ಜೀವಿ ಬಾಯಿ ಊರಿ ಕೂತಿತ್ತು. ಅದು ನೊಣದ ಮೈರಸ ಹೀರುತ್ತಿರುವಾಗಲೇ ಮರದ ಅಂಟು ಇಳಿದು ಎರಡನ್ನೂ ಮುಚ್ಚಿಬಿಟ್ಟಿತ್ತು. ಭೂಮಿಯ ಮೇಲೆ ಮನುಷ್ಯನೇ ಇಲ್ಲದಾಗ ಶುರುವಾದ ಊಟ, ಅರ್ಧಕ್ಕೇ ನಿಂತು ನನ್ನ ಕಣ್ಣ ಮುಂದಿತ್ತು. ಸಂತೋಷದಿಂದ ಮತ್ತೆ ಮತ್ತೆ ಕಣ್ಣಿಟ್ಟು ನೋಡಿದೆ. ಅದರ ಬೆನ್ನಿಗೇ — ಇದು ನನಗೆ ಬೇಕು.

ಕೇಳಿದ್ದರೆ ಕೊಡುತ್ತಿದ್ದಿರೋ ಏನೋ. ನಾನು ಕೇಳಲಿಲ್ಲ. ಖರೆಯದೆಂದು ತಿಳಿದರೆ ನೀವದನ್ನು ಯಾರಿಗೂ ಕೊಡಲಾರಿರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಪ್ಲಾಸ್ಟಿಕ್ ಐತ್ರಿ, ಅಕ್ಕಾರ."

ಹರಳಿಗೆಂದು ಚಾಚಿದ್ದ ಕೈಯನ್ನು ನೀವು ಹಿಂದಕ್ಕೆ ತೆಗೆದುಕೊಂಡಿರಿ. ಆಮೇಲೆ, "ಹೋಗ್ಲಿ ಬಿಡ್ರಿ. ನಿಮ್ಮ ಹುಡುಗ್ರಿಗೆ ತೋರ್ಸಾಕರ ಆಗ್ತೈತಿ, ಇಟ್ಕೊಳ್ರಿ" ಅಂದಿರಿ.

ಇಟ್ಟುಕೊಂಡೆ. ಹುಡುಗರಿಗೂ ತೋರಿಸಿದೆ, ಖರೆಯದೆಂದೇ ಹೇಳಿ! ಗೋಕಾಕ, ಮೂಡಲಗಿಯ ಕಡೆ ಕರೆಸಿ ಭಾಷಣ ಮಾಡಿಸಿದರು, ಶಾಲು ಹೊದಿಸಿದರು. ಎಲ್ಲಿ ಸಿಕ್ಕಿತು ಎಂದು ಯಾರಾದರೂ ಕೇಳಿದರೆ ಮಾತು ಹಾರಿಸುತ್ತಿದ್ದೆ. ಅತ್ತ ನೀವು ನೆಂಟರ ಮದುವೆಗಳಲ್ಲಿ, "ನಮ್ಮ ಸರ್ ಪರೀಕ್ಷಾ ಮಾಡಿ ಹೇಳಿದ್ರು, ಪ್ಲಾಸ್ಟಿಕ್ಕಂತ" ಎಂದು ನನ್ನ ಸಾಕ್ಷಿ ಕೊಟ್ಟು ಎಲ್ಲರನ್ನೂ ನಗಿಸುತ್ತಿದ್ದಿರಿ. ಅಂಥ ಒಂದು ಪಂಕ್ತಿಯಲ್ಲಿ ನಾನೂ ಕೂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನಾನು ಎಲೆಯ ಮೇಲಿನ ಹೋಳಿಗೆಯಿಂದ ತಲೆ ಎತ್ತಲಿಲ್ಲ.

ನಾನು ಗೋಕಾಕಕ್ಕೆ ಬಂದ ಮೇಲೂ ನೀವು ಮರೆಯಲಿಲ್ಲ. ಪ್ರತಿ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ, ನಿಮ್ಮವರೆಲ್ಲ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ, ತಪ್ಪದೆ ಫೋನ್ ಮಾಡುತ್ತೀರಿ. "ತಿಳಿದೋ ತಿಳೀದನೋ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ, ಸರ." ನಾನು, "ಆಗಲ್ರಿ ಅಕ್ಕಾರ" ಎನ್ನುತ್ತೇನೆ. ಕಳ್ಳ ನಾನು, ಕ್ಷಮಿಸುವವನೂ ನಾನು. ಎಂಥ ನಾಚಿಕೆಗೇಡು.

ಹೋದ ವರ್ಷ ನೀವು ಇನ್ನೊಂದು ಮಾತು ಸೇರಿಸಿದಿರಿ.

"ಈ ಸಲ ನಮ್ಮ ಮನಿಯವ್ರ ಫೋಟೋದ ಮುಂದೂ ನಿಂತಿದ್ದೆನ್ರಿ. ಆ ಹರಳಿನ ವಿಷಯದಾಗ ಅವ್ರು ಗೊತ್ತಿದ್ದೂ ನನಗ ಸುಳ್ಳ ಹೇಳಿದ್ರೇನೋ ಅಂತ ಇಷ್ಟು ದಿನ ಮನಸ್ಸಿನಾಗ ಇತ್ತು. ಇರ್ಲಿ, ಕ್ಷಮಾ ಮಾಡೇನಿ ಅಂತ ಹೇಳಿಬಿಟ್ಟೆ."

ಆಡದ ಸುಳ್ಳಿಗೆ ಅವರು ಕ್ಷಮೆ ಪಡೆದರು. ಅಲ್ಲಿಯತನಕ ನಾನು ಒಂದು ಹರಳು ಕದ್ದವನು ಅಂದುಕೊಂಡಿದ್ದೆ. ನಿಮ್ಮ ಗಂಡನ ಮಾತನ್ನೇ ಕದ್ದಿದ್ದೇನೆ ಎಂದು ಆಗ ತಿಳಿಯಿತು — ಆದರೂ ಫೋನಿನಲ್ಲಿ "ಆಗಲ್ರಿ" ಎಂದೇ...

ಮುಂದಿನ ಕ್ಷಮಾವಣಿ ಇನ್ನೂ ದೂರವಿದೆ. ಆ ದಿನ ಕೇಳಿದರೆ ನೀವು ಕ್ಷಮಿಸಿಯೇ ಕ್ಷಮಿಸುತ್ತೀರಿ, ಅದು ನಿಮ್ಮ ಧರ್ಮ. ಅದಕ್ಕೇ ನಾಳೆ ಹುಕ್ಕೇರಿಯ ಬಸ್ಸು ಹತ್ತುತ್ತೇನೆ. ನಾಳೆ ಹಬ್ಬವಲ್ಲ, ವ್ರತವಲ್ಲ. ಕ್ಷಮಿಸಲು ಆಗುವುದಿಲ್ಲ ಎನ್ನಲು ನಿಮಗೆ ಯಾವ ಅಡ್ಡಿಯೂ ಇಲ್ಲ. ಹರಳನ್ನು ಭರಮಣ್ಣನವರ ಫೋಟೋದ ಮುಂದೆ ಇಡುತ್ತೇನೆ. ಅಂಚಿನಲ್ಲಿ ನನ್ನ ಸೂಜಿಯ ಕಪ್ಪು ಚುಕ್ಕೆ ಹಾಗೇ ಇದೆ, ನೋಡಿ. ನಿಮ್ಮ ಭಾವನವರನ್ನೂ ಕರೆಸಿರಿ. ಅವರ ಎದುರಿಗೇ ಹೇಳಬೇಕು:

"ಅವ್ರು ಖರೇನ ಹೇಳಿದ್ರು, ಅಕ್ಕಾರ. ಸುಳ್ಳ ಹೇಳಿದಾಂವ ನಾನು."