ಗೆರೆ ಕಾಯುವವರ ಅಭಿಮಾನಿ

ಅಥವಾ ಎಡಗಣ್ಣೇ ಇರಬೇಕು. ಟಿ.ವಿ.ಯಲ್ಲಿ ಟೆನಿಸ್ ಚೆಂಡು ಗೆರೆಯ ಹತ್ತಿರ ಬಿದ್ದ ಕೂಡಲೇ ಮಾಸ್ಟ್ರು ಒಂದು ಕಣ್ಣನ್ನು ಪೂರ್ತಿ ಮುಚ್ಚಿ, ಇನ್ನೊಂದನ್ನು ಸೂಜಿಗೆ ನೂಲು ಪೋಣಿಸುವವರ ಹಾಗೆ ಕಿರಿದು ಮಾಡುತ್ತಿದ್ದರು. ಮುಚ್ಚಿದ ಕಡೆಯ ಕೆನ್ನೆ ಮೇಲಕ್ಕೆ ಸೇದಿಕೊಂಡು ಬಿಳಿ ಮೀಸೆಯ ಒಂದು ತುದಿ ಎದ್ದು ನಿಲ್ಲುತ್ತಿತ್ತು. ಮೀಸೆ ಚೆನ್ನಾಗಿ ನೆನಪಿದೆ. ಮುಚ್ಚಿದ್ದು ಬಲಗಣ್ಣು ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಮೊನ್ನೆ ಇದನ್ನು ಬರೆಯಲು ಕುಳಿತಾಗ, ನಾನು ಅವರ ಬಲಕ್ಕೆ ಕೂರುತ್ತಿದ್ದೆನೋ ಎಡಕ್ಕೋ ಎಂಬುದೇ ತಿಳಿಯದೆ ಹೋಯಿತು. ನನ್ನ ಕುರ್ಚಿಯ ಜಾಗ ಗೊತ್ತಿಲ್ಲದವನು ಅವರ ಕಣ್ಣಿನ ಬಗ್ಗೆ ಏನು ಹೇಳುವುದು?

ಧೈರ್ಯದಿಂದ ಹೇಳಬಹುದಾದದ್ದು ಇಷ್ಟು. ತೊಂಬತ್ತರ ದಶಕದ ಕೊನೆಗೆ ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಮಡಂತ್ಯಾರಿಗೆ ಬಂದ ನಾನು ಅವರ ಮನೆಗೆ ತಾಗಿದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ಅವರು ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದು ನಿವೃತ್ತರಾಗಿದ್ದರು. ಊರಿಗೆಲ್ಲ ಅವರು ಮಾಸ್ಟ್ರು. ಅವರಿಗೆ ನಾನು ಕೊನೆಯವರೆಗೂ ಬಾಡಿಗೆಯವರು. "ಬಾಡಿಗೆಯವರೇ, ಬನ್ನಿ, ಆಟ ಶುರುವಾಯ್ತು" ಎಂದು ಗೋಡೆಗೆ ಎರಡು ಸಲ ಬಡಿದು ಕರೆಯುತ್ತಿದ್ದರು. ಕರೆದದ್ದು ತುಳುವಿನಲ್ಲಿ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದು ಎಷ್ಟು ಬದಲಾಗಿದೆಯೋ, ಅದರ ಜವಾಬ್ದಾರಿ ನನ್ನದು.

ಟೆನಿಸ್ ಬ್ಯಾಟನ್ನು ಅವರು ಕೈಯಲ್ಲಿ ಹಿಡಿದವರಲ್ಲ. ಹಿಡಿದವರು ಆ ಪೇಟೆಯಲ್ಲೇ ಯಾರೂ ಇರಲಿಲ್ಲ. ನನಗಾದರೋ ಕಾಲೇಜಿನ ದಿನಗಳಿಂದ ಟೆನಿಸ್ ಹುಚ್ಚು. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಬೀಸುವ, ಗೆಲ್ಲುವ ಹೊತ್ತಿಗೆ ಸರಿಯಾಗಿ ಸೋಲುವ ಆಟಗಾರನೊಬ್ಬನ ಹಿಂದೆ ಬಿದ್ದಿದ್ದೆ. ಮೊದಲ ದಿನ ಮಾಸ್ಟ್ರು ನೀವು ಯಾರ ಕಡೆ ಎಂದು ಕೇಳಿದಾಗ ಅವನನ್ನು ತೋರಿಸಿದೆ. ನೀವು ಯಾರ ಕಡೆ ಎಂದು ನಾನು ಕೇಳಿದಾಗ ಅವರು ಪರದೆಯ ಅಂಚಿಗೆ ಬೆರಳು ಚಾಚಿದರು. ಅಲ್ಲಿ ಟೊಪ್ಪಿ ಹಾಕಿದ ಒಬ್ಬ ಮನುಷ್ಯ ಎರಡೂ ಮೊಣಕಾಲಿಗೆ ಕೈ ಊರಿ, ಬಗ್ಗಿ, ಅಂಗಳದ ಗೆರೆಯನ್ನೇ ನೋಡುತ್ತ ನಿಂತಿದ್ದ. ಚೆಂಡು ಗೆರೆಯಿಂದ ಆಚೆ ಬಿದ್ದರೆ ಕೂಗಿ ಹೇಳುವುದು ಅವನ ಕೆಲಸ.

"ಆಡುವವರನ್ನು ಲೋಕ ಇಡೀ ನೋಡ್ತದೆ. ಗೆರೆ ಕಾಯುವವನನ್ನು ನೋಡಲಿಕ್ಕೆ ಒಬ್ಬನಾದರೂ ಬೇಡವಾ?"

ತಮಾಷೆ ಎಂದುಕೊಂಡೆ. ಆದರೆ ಅವರು ನಿಜವಾಗಿಯೂ ಚೆಂಡನ್ನು ನೋಡುತ್ತಿರಲಿಲ್ಲ. ಗೆರೆ ಕಾಯುವವರಲ್ಲಿ ಅವರಿಗೆ ಗುರುತಿನವರಿದ್ದರು: ದಪ್ಪ ಕುತ್ತಿಗೆಯವನು, ಕೂಗುವಾಗ ಹಿಮ್ಮಡಿ ಎತ್ತುವವನು, ಕೈಯನ್ನು ಬೇಗ ಚಾಚುವ ಒಬ್ಬಳು. ಇವಳಿಗೆ ಅವಸರ ಜಾಸ್ತಿ, ಒಂದು ದಿನ ಸಿಕ್ಕಿಬೀಳ್ತಾಳೆ ಎಂದು ತಮ್ಮ ಮನೆಯ ಹುಡುಗಿಯ ಬಗ್ಗೆ ಹೇಳುವ ಹಾಗೆ ಕಳವಳಪಡುತ್ತಿದ್ದರು. ಮರುದಿನದ ಪೇಪರನ್ನು ಪೂರ್ತಿ ಓದಿ, ಇವರಲ್ಲಿ ಒಬ್ಬರದ್ದೂ ಹೆಸರು ಹಾಕಲಿಲ್ಲ ನೋಡಿ ಎಂದು ಮಡಚಿ ಇಡುತ್ತಿದ್ದರು.

ಟೆನಿಸ್ಸಿನ ವರ್ಷ ಜನವರಿಯಲ್ಲಿ ಮೆಲ್ಬರ್ನಿನಲ್ಲಿ ಶುರುವಾಗುತ್ತದೆ. ನಮ್ಮ ಬೆಳಗಿನ ಗಂಜಿಯ ಹೊತ್ತಿಗೆ ಅಲ್ಲಿ ಬಿಸಿಲು ಕಾಯುತ್ತಿರುತ್ತದೆ. ನಮ್ಮ ಕಡೆ ಅದು ಕಂಬಳದ ಕಾಲವೂ ಹೌದು. ಮೈಕ್ ಕಟ್ಟಿದ ಜೀಪು ಮುಂದಿನ ಕಂಬಳದ ದಿನ ಕೂಗುತ್ತ ಪೇಟೆಯಲ್ಲಿ ಹೋದರೆ ಮಾಸ್ಟ್ರು ಎದ್ದು ಟಿ.ವಿ.ಯ ಸದ್ದು ಜೋರು ಮಾಡುತ್ತಿದ್ದರು. ಜೀಪಿನ ಗದ್ದಲಕ್ಕೆ ಎಂದು ಎರಡು ವರ್ಷ ಅಂದುಕೊಂಡಿದ್ದೆ.

ಮೇ ಕೊನೆಗೆ ಪ್ಯಾರಿಸ್. ಅಲ್ಲಿ ಆಡುವುದು ಕೆಂಪು ಮಣ್ಣಿನ ಮೇಲೆ, ಬಿದ್ದ ಚೆಂಡು ಗುರುತು ಬಿಟ್ಟು ಹೋಗುತ್ತದೆ. ಜಗಳ ಬಂದರೆ ಅಂಪಾಯರ್ ಎತ್ತರದ ಕುರ್ಚಿಯಿಂದ ಇಳಿದು ಬಂದು, ಬಗ್ಗಿ, ಗುರುತನ್ನು ಬೆರಳಲ್ಲಿ ತೋರಿಸುತ್ತಾನೆ. ಅವನು ಇಳಿಯುವಾಗ ಮಾಸ್ಟ್ರೂ ಕುರ್ಚಿಯಿಂದ ಏಳುತ್ತಿದ್ದರು. ಒಮ್ಮೆ ನಿಂತಲ್ಲಿಂದಲೇ ಹೇಳಿದರು: "ಅಲ್ಲಿಯ ಮಣ್ಣಿಗೆ ನೆನಪುಂಟು. ನಮ್ಮ ಕೆಸರಿಗೆ ಎಲ್ಲಿ ಉಂಟು?" ಟೆನಿಸ್ಸಿನ ನಡುವೆ ಕೆಸರು ಯಾಕೆ ಬಂತೆಂದು ನನಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ.

ಆಮೇಲೆ ಲಂಡನಿನ ಹುಲ್ಲು, ಮತ್ತು ಮಳೆ. ಅಲ್ಲಿ ಮಳೆ ಬಂದರೆ ಹಾಸು ಎಳೆಯುತ್ತಾರೆ, ಇಲ್ಲಿ ಬಂದರೆ ಕರೆಂಟು ಹೋಗುತ್ತದೆ. ನಮಗೆ ಕೇಬಲ್ ಕೊಟ್ಟಿದ್ದ ಬ್ಯಾರಿ ಕಾಕ ಕೊಡೆ ಹಿಡಿದು ಗೇಟಿನ ಹತ್ತಿರ ಬಂದು, ಮಾಸ್ಟ್ರೇ, ನನಗೆ ಫೋನ್ ಮಾಡಿ ಪ್ರಯೋಜನ ಇಲ್ಲ, ಕರೆಂಟ್ ಬರುವವರೆಗೆ ನಿಮ್ಮ ಗೆರೆಯನ್ನು ಯಾರೂ ಕದ್ದುಕೊಂಡು ಹೋಗುವುದಿಲ್ಲ ಎಂದು ಹೇಳಿ ಹೋಗುತ್ತಿದ್ದರು. ಅಂಥದೊಂದು ಜುಲೈಯಲ್ಲಿ ನನ್ನ ಆಟಗಾರ ಎಂದಿನಂತೆ ಸೋತ. ನಾನು ಊಟ ಬೇಡವೆಂದು ಕೂತಿದ್ದಾಗ ಮಾಸ್ಟ್ರು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ನಿಮ್ಮವ ಸೋತ, ಸರಿ. ಆದರೆ ಸೋತದ್ದು ಹೌದು ಅಂತ ಗೊತ್ತಾಯ್ತಲ್ಲ? ಅದೊಂದು ದೊಡ್ಡ ಸುಖ ಮಾರಾಯ್ರೆ. ಬನ್ನಿ, ಉಣ್ಣುವ."

ಆ ಮಾತಿನ ಹಿಂದಿನ ಕತೆಯನ್ನು ಅದೇ ಮಳೆಗಾಲದಲ್ಲಿ ಅವರ ಹೆಂಡತಿ ಹೇಳಿದರು. ಸ್ವಲ್ಪವನ್ನು ಕಾಕ ಹೇಳಿದರು. ಇಬ್ಬರ ಕತೆ ಒಂದಕ್ಕೊಂದು ಕೂಡುವುದಿಲ್ಲ. ನಡೆದದ್ದು ಮೂಡುಬಿದಿರೆಯ ಕಡೆ ಎಂದು ಕಾಕ, ಅಲ್ಲ ಬಂಟ್ವಾಳದ ಹತ್ತಿರ ಎಂದು ಹೆಂಡತಿ. ಕೂಡುವಷ್ಟನ್ನು ಬರೆಯುತ್ತೇನೆ.

ಕಂಬಳದಲ್ಲಿ ಪಕ್ಕಪಕ್ಕ ಎರಡು ಕರೆಗಳು, ಅಂದರೆ ನೀರು ನಿಲ್ಲಿಸಿದ ಉದ್ದನೆಯ ಕೆಸರಿನ ಓಣಿಗಳು. ಒಂದೊಂದರಲ್ಲಿ ಒಂದೊಂದು ಜೋಡಿ ಕೋಣ. ಓಟ ಬಿಡುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಮಂಜೊಟ್ಟಿಯಲ್ಲಿ ನಿಂತು, ಯಾವ ಜೋಡಿಯ ಮೂಗು ಮೊದಲು ಬಂತೆಂದು ಕೈಯೆತ್ತಿ ತೋರಿಸುವುದು ಮಾಸ್ಟ್ರ ಕೆಲಸವಾಗಿತ್ತು. ಬಹಳ ವರ್ಷ ಮಾಡಿದ್ದರು. ಅವರು ಎತ್ತಿದ ಕೈಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲವಂತೆ. ಒಂದು ಸಂಜೆ, ಬೆಳಕು ಇಳಿಯುವ ಹೊತ್ತಿಗೆ, ಓಡಿ ಬಂದ ಎರಡು ಜೋಡಿಗಳಲ್ಲಿ ಒಂದು ಅವರ ತಂಗಿಯ ಗಂಡನದ್ದು. ಎರಡೂ ಒಟ್ಟಿಗೆ ಬಂದವು. ನೀರು ಆಳೆತ್ತರ ಹಾರಿತು. ಮಾಸ್ಟ್ರ ಕೈ ಇನ್ನೊಂದು ಜೋಡಿಯ ಕಡೆಗೆ ಎದ್ದಿತು.

ಮುಗಿಯಿತು. ನನ್ನ ಕೋಣ ಭಾವನ ಕಣ್ಣಿಗೆ ಕಾಣುವುದಿಲ್ಲ ಎಂದು ತಂಗಿಯ ಗಂಡ ಅಷ್ಟು ಜನರ ಎದುರು ಹೇಳಿ ಹೋದರು. ಅಂದಿನಿಂದ ತಂಗಿ ಈ ಮನೆಯ ಮೆಟ್ಟಿಲು ಹತ್ತಲಿಲ್ಲ. ಮಾಸ್ಟ್ರು ಮತ್ತೆ ಮಂಜೊಟ್ಟಿಯಲ್ಲಿ ನಿಲ್ಲಲಿಲ್ಲ. ಅವರಿಗೆ ಇದ್ದದ್ದು ಅವಳೊಬ್ಬಳೇ ತಂಗಿ. ವರ್ಷಕ್ಕೊಮ್ಮೆ ಹೊಸ ಅಕ್ಕಿ ಊಟದ ದಿನ, ಮನೆಯವರೆಲ್ಲ ಸೇರಬೇಕಾದ ದಿನ, ಎಲೆ ಹಾಕುವ ಮೊದಲು ಮಾಸ್ಟ್ರು ಸುಮ್ಮನೆ ಗೇಟಿನವರೆಗೆ ಹೋಗಿ ಬರುತ್ತಿದ್ದರು. ತಂಗಿಯ ಊರಾದ ಅಳದಂಗಡಿ ಕಡೆಯಿಂದ ಬರುವವರು ಇಳಿಯುವ ಬಸ್ಸಿನ ಹೊತ್ತು ಅದು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದೇನೆ ಎಂದೇ ಅನ್ನಿಸುತ್ತದೆ.

ಹೀಗೆ ವರ್ಷಗಳು ಹೋದವು. ಮೆಲ್ಬರ್ನ್, ಪ್ಯಾರಿಸ್, ಲಂಡನ್, ನ್ಯೂಯಾರ್ಕ್. ನನ್ನ ಆಟಗಾರ ನಿವೃತ್ತನಾದ. ಬ್ಯಾಂಕು ನನ್ನನ್ನು ಬೆಳ್ತಂಗಡಿಗೆ ಹಾಕಿತು, ನಾನು ಮನೆ ಬದಲಿಸದೆ ಬಸ್ಸಿನಲ್ಲಿ ಓಡಾಡಿದೆ. ಆಮೇಲೆ ಟೆನಿಸ್ಸಿಗೆ ಹೊಸ ಯಂತ್ರ ಬಂತು. ಗೆರೆ ಕಾಯುವವರ ಮಾತನ್ನು ಆಟಗಾರ ಒಪ್ಪದಿದ್ದರೆ ಕೈಯೆತ್ತಬಹುದು. ಆಗ ದೊಡ್ಡ ಪರದೆಯ ಮೇಲೆ ಚೆಂಡು ಬಂದ ದಾರಿಯನ್ನು ಬಿಡಿಸಿ, ಬಿದ್ದ ಜಾಗವನ್ನು ತೋರಿಸುತ್ತಾರೆ. ಒಂದು ಸೆಪ್ಟೆಂಬರಿನ ಬೆಳಗ್ಗೆ ನ್ಯೂಯಾರ್ಕಿನ ಆಟದಲ್ಲಿ ನಾವು ಅದನ್ನು ಮೊದಲ ಸಲ ನೋಡಿದೆವು. ಮಾಸ್ಟ್ರ ಕೈಯಲ್ಲಿ ಚಾ ಇತ್ತು.

ನರೆಗೂದಲಿನ ಒಬ್ಬ ಹೆಂಗಸು ಔಟ್ ಎಂದು ಕೂಗಿದಳು. ಆಟಗಾರ ಕೈಯೆತ್ತಿದ. ಪರದೆಯಲ್ಲಿ ಚೆಂಡಿನ ನೆರಳು ಗೆರೆಯ ಅಂಚನ್ನು ಕೂದಲಷ್ಟು ಮುಟ್ಟಿತ್ತು. ಅವಳು ಹೇಳಿದ್ದು ತಪ್ಪು. ಇಡೀ ಸ್ಟೇಡಿಯಂ ಹೋ ಎಂದಿತು. ಕ್ಯಾಮರಾ ಅವಳ ಮುಖದ ಹತ್ತಿರ ಹೋಯಿತು.

"ಈಗ ಅವಳನ್ನು ಕಳಿಸ್ತಾರೆ" ಎಂದರು ಮಾಸ್ಟ್ರು.

ಯಾರೂ ಕಳಿಸಲಿಲ್ಲ. ಅವಳು ಮತ್ತೆ ಮೊಣಕಾಲಿಗೆ ಕೈ ಊರಿ ಬಗ್ಗಿದಳು. ಮುಂದಿನ ಚೆಂಡು ಬಂತು. ಸ್ವಲ್ಪ ಹೊತ್ತಿನಲ್ಲಿ ಅದೇ ಗೆರೆಯಲ್ಲಿ ಇನ್ನೊಂದು ಚೆಂಡಿಗೆ ಅವಳು ಔಟ್ ಎಂದಳು. ಈ ಸಲ ಆಟಗಾರ ಅವಳ ಕಡೆ ನೋಡಲೂ ಇಲ್ಲ, ಒಪ್ಪಿಕೊಂಡು ಬೆವರು ಒರೆಸಲು ಹೋದ. ಮಾಸ್ಟ್ರು ತಡೆಹಿಡಿದಿದ್ದ ಉಸಿರನ್ನು ಬಿಟ್ಟ ಸದ್ದು ನನಗೆ ಕೇಳಿಸಿತು. ಎಷ್ಟೋ ಕಾಲದಿಂದ ಹೊತ್ತ ಮೂಟೆಯನ್ನು ಜಗಲಿಗೆ ಇಳಿಸಿದವರ ಹಾಗಿತ್ತು ಅದು.

"ತಪ್ಪಿದಳು. ಅಲ್ಲೇ ನಿಂತಿದ್ದಾಳೆ ನೋಡಿ" ಎಂದರು. ಆಮೇಲೆ ಚಾ ಲೋಟ ಕೆಳಗಿಟ್ಟು, ಹೆಂಡತಿಯ ಹತ್ತಿರ ಇಸ್ತ್ರಿ ಮಾಡಿದ ಅಂಗಿ ಕೇಳಿದರು. "ಬಾಡಿಗೆಯವರೇ, ಇವತ್ತು ಭಾನುವಾರ ಅಲ್ವಾ? ಬನ್ನಿ, ಒಮ್ಮೆ ಅಳದಂಗಡಿಗೆ ಹೋಗಿ ಬರುವ."

ಭಾನುವಾರ ಹೌದೋ ಅಲ್ಲವೋ, ನಾನಂತೂ ಹೋದೆ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವರು ನ್ಯೂಯಾರ್ಕಿನ ಹೆಂಗಸಿನ ಬಗ್ಗೆಯೇ ಮಾತಾಡಿದರು. ಅವಳಿಗೆ ಮಕ್ಕಳಿರಬಹುದಾ, ಮನೆಗೆ ಹೋಗಿ ಏನು ಹೇಳ್ತಾಳೆ, ಇತ್ಯಾದಿ.

ತಂಗಿಯ ಗಂಡ, ಮಾಸ್ಟ್ರ ಭಾವ, ಜಗಲಿಯಲ್ಲಿ ಕೂತಿದ್ದರು. ಕೋಣಗಳನ್ನು ಎಂದೋ ಮಾರಿದ್ದರು. ಕೋಣದ ಹಟ್ಟಿಯಲ್ಲಿ ಸ್ಕೂಟರ್ ನಿಂತಿತ್ತು. ನಮ್ಮನ್ನು ಕಂಡು ಏಳಲಿಲ್ಲ. ಬನ್ನಿ ಎಂದು ಮಾತ್ರ ಅಂದರು, ಅದೂ ನನ್ನ ಮುಖ ನೋಡಿ. ತಂಗಿ ಬೆಲ್ಲ ನೀರು ತಂದಿಟ್ಟು ಬಾಗಿಲಲ್ಲಿ ನಿಂತರು. ಮಾಸ್ಟ್ರು ಬೆಲ್ಲ ಮುಟ್ಟಲಿಲ್ಲ.

"ಭಾವ, ಆ ದಿನ ಯಾವ ಮೂಗು ಮೊದಲು ಬಂತು ಅಂತ ನನಗೆ ಗೊತ್ತಿಲ್ಲ. ನನಗೆ ಕಂಡದ್ದು ಹೌದಾ, ಅಲ್ಲ ನಿಮಗೆ ಕೊಟ್ಟರೆ ಜನ ಏನಾದರೂ ಹೇಳ್ತಾರೆ ಅಂತ ಕೈ ಆ ಕಡೆ ಹೋದದ್ದಾ, ಅದೂ ಗೊತ್ತಿಲ್ಲ. ಇಷ್ಟು ವರ್ಷ ಕಂಡದ್ದೇ ಅಂತ ಹೇಳಿಕೊಂಡು ಬಂದೆ."

ಭಾವ ಅಂಗಳದ ಕಡೆ ತಿರುಗಿದರು.

"ನನಗೆ ಮಾತ್ರ ಹೇಗೆ ಗೊತ್ತಿರ್ತದೆ?" ಎಂದರು. "ನಾನು ಮಂಜೊಟ್ಟಿಯಲ್ಲಿ ಇದ್ದೆನಾ? ಗಂತಿನಲ್ಲಿ ಕೋಣ ಬಿಟ್ಟು ಕೆಸರಿನಲ್ಲೇ ನಿಂತಿದ್ದೆ. ಅಲ್ಲಿಂದ ನನಗೆ ಕಂಡದ್ದು ನೀರು ಮಾತ್ರ."

ನಾನು ಕೂತಲ್ಲೇ ಬೆಚ್ಚಿದೆ. ಮಾಸ್ಟ್ರು ಮೆಲ್ಲಗೆ, ಹಾಗಾದರೆ ಸಿಟ್ಟು ಯಾತಕ್ಕೆ ಎಂದು ಕೇಳಿದರು.

"ನೀವು ಕೂಡಲೇ ಕೈ ಎತ್ತಿದಿರಿ. ಬೇರೆಯವರ ಕೋಣ ಆಗಿದ್ದರೆ ಒಂದು ಗಳಿಗೆ ಯೋಚನೆ ಮಾಡ್ತಿದ್ದಿರಿ. ನನ್ನದಕ್ಕೆ ಅಷ್ಟೂ ಮಾಡಲಿಲ್ಲ."

ಮಾಸ್ಟ್ರು ತಲೆ ತಗ್ಗಿಸಿದರು. ಅದು ಹೌದು ಎಂದರು. ಆ ಮಾತಿನಲ್ಲಿ ಸಂಶಯ ಇರಲಿಲ್ಲ.

ಆಗ ಬಾಗಿಲ ಕಡೆಯಿಂದ ತಂಗಿ ಬಾಯಿ ತೆರೆದರು. "ಅಂದರೆ ಇಬ್ಬರಿಗೂ ಕಾಣಲಿಲ್ಲ. ಕಾಣದ ಎರಡು ಜನರಿಗಾಗಿ ನಾನು ತವರು ಬಿಟ್ಟು ಕೂತದ್ದು. ಕೋಣಗಳೇ ವಾಸಿ ಅಣ್ಣ, ಓಡಿ ಮುಗಿದ ಮೇಲೆ ಹುಲ್ಲಾದರೂ ತಿಂದವು."

ಯಾರು ಮೊದಲು ನಕ್ಕರು? ಭಾವ ಎಂದು ನನ್ನ ನೆನಪು ಹೇಳುತ್ತದೆ. ತಂಗಿ ಹಾಗೆ ಹೇಳುವಾಗ ಅಳುತ್ತಿದ್ದರೆಂದೂ ಹೇಳುತ್ತದೆ. ಈ ಪ್ರಸಂಗವನ್ನು ಎಷ್ಟೋ ಜನಕ್ಕೆ ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲ ಹೇಳುವಾಗಲೂ ಎಲ್ಲಿ ನಗು ಬರಬೇಕೋ ಅಲ್ಲಿಗೆ ಅದು ಸರಿಯಾಗಿ ಬಂದು ಕೂರುತ್ತದೆ. ಅದಕ್ಕೇ ನಂಬಿಕೆ ಬರುವುದಿಲ್ಲ. ಮಾಸ್ಟ್ರು ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡದ್ದು ಮಾತ್ರ ನಿಜ. ಹಲ್ಲು ನೋವಿದ್ದರಿಂದ ಅದನ್ನು ಕಚ್ಚದೆ ಬಾಯಲ್ಲೇ ಕರಗಿಸಿದರು.

ಆ ವರ್ಷದ ಹೊಸ ಅಕ್ಕಿ ಊಟಕ್ಕೆ ಗೇಟಿನವರೆಗೆ ಹೋದ ಮಾಸ್ಟ್ರು ಇಬ್ಬರನ್ನು ಕರೆದುಕೊಂಡು ಬಂದರು. ಅವರ ಹೆಂಡತಿ ಅನ್ನಕ್ಕೆ ನೀರು ಕಡಿಮೆ ಹಾಕಿದ್ದೇನೆ ಎಂದು ಸುಳ್ಳು ನೆವ ಹೇಳಿ ಒಳಗೆ ಓಡಿ ಕಣ್ಣೊರೆಸಿಕೊಂಡರು. ಅನ್ನ ಚೆನ್ನಾಗಿಯೇ ಇತ್ತು. ಮುಂದೆ ಭಾವ ದೊಡ್ಡ ಆಟಗಳ ದಿನ ನಮ್ಮ ಜೊತೆ ಟೆನಿಸ್ ನೋಡಲು ಬರತೊಡಗಿದರು. ಅವರಿಗೆ ಆಟ ಹಿಡಿಸಲೇ ಇಲ್ಲ. ಗೆರೆಯಿಂದ ಮೈಲಿ ದೂರದಲ್ಲಿ ಬಿದ್ದ ಚೆಂಡಿಗೂ, ನಡು ಅಂಗಳದಲ್ಲಿ ಬಿದ್ದದ್ದಕ್ಕೂ ಒಂದೇ ಧ್ವನಿಯಲ್ಲಿ ಔಟ್ ಎನ್ನುತ್ತಿದ್ದರು, ಮಾಸ್ಟ್ರನ್ನು ರೇಗಿಸಲಿಕ್ಕೆ. ಮಾಸ್ಟ್ರು ಕೇಳಿಸದವರ ಹಾಗೆ ಒಂದು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಕಂಬಳದ ಜೀಪು ಹೋದರೆ ಟಿ.ವಿ.ಯ ಸದ್ದನ್ನು ಈಗ ಸಣ್ಣ ಮಾಡುತ್ತಿದ್ದರು, ಎಲ್ಲಿಯ ಕಂಬಳ ಎಂದು ಕೇಳಲಿಕ್ಕೆ.

ಒಂದು ಜನವರಿಯಲ್ಲಿ, ಮೆಲ್ಬರ್ನಿನ ಆಟ ನಡೆಯುತ್ತಿರುವಾಗ, ಅವರು ಹೋದರು. ಅಷ್ಟರಲ್ಲಿ ನಾನು ಮಡಂತ್ಯಾರು ಬಿಟ್ಟಿದ್ದೆ. ಫೋನ್ ಮಾಡಿದವರು ಭಾವ. ಬೆಳಗ್ಗೆ ಆಟ ನೋಡುತ್ತಿದ್ದವರು ಹಾಗೇ ಒರಗಿದರು, ಕಷ್ಟಪಡಲಿಲ್ಲ ಎಂದರು. ಕೇಳಿ ಮೊದಲು ಬಂದದ್ದು ದುಃಖವಲ್ಲ. ಆ ಸೆಪ್ಟೆಂಬರ್ ಇದಕ್ಕಿಂತ ಮುಂಚೆ ಬಂತಲ್ಲ ಎಂಬ ಸಮಾಧಾನ.

ನನಗೆ ಅವರಿಂದ ಬಂದದ್ದು ಒಂದು ಅಭ್ಯಾಸ. ಕಂಡಿದ್ದೇನೆ ಎಂದು ಬರೆಯುವ ಮೊದಲು ಪೆನ್ನು ಒಂದು ಗಳಿಗೆ ನಿಲ್ಲುತ್ತದೆ.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟವಾದ ಮೇಲೆ, ಗೋಡೆಯ ಫೋಟೋದ ಕೆಳಗೆ ಕೂತು ಮಾಸ್ಟ್ರು ಮುಚ್ಚುತ್ತಿದ್ದದ್ದು ಯಾವ ಕಣ್ಣು ಎಂದು ಕೇಳಿದೆ. ಫೋಟೋದಲ್ಲಿ ಎರಡೂ ತೆರೆದಿದ್ದವು. ಬಲ ಎಂದರು ಹೆಂಡತಿ. ಎಡ ಎಂದರು ಭಾವ. ಒಬ್ಬರನ್ನೊಬ್ಬರು ನೋಡಿದರು, ವಾದ ಮಾಡಲಿಲ್ಲ. ತಂಗಿ ಪಾಯಸದ ಪಾತ್ರೆ ಹಿಡಿದು ನಡುವೆ ಬಂದು, ಇನ್ನೊಂದು ಸೌಟು ಹಾಕ್ತೇನೆ ಎಂದರು.

ಎರಡೂ ಇರಬಹುದು. ಯಾವ ಕಣ್ಣೆಂದು ನನಗೆ ಗೊತ್ತಿಲ್ಲ. ಆ ಸಂಜೆ ಯಾವ ಜೋಡಿ ಮೊದಲು ಮಂಜೊಟ್ಟಿ ಮುಟ್ಟಿತೆಂಬುದೂ ಗೊತ್ತಿಲ್ಲ.