ಮಣೆಯ ಮೇಲೆ ಕೂರಲೆಂದು ಬೆವರಿದ್ದು

ನನ್ನ ಮಂಡಿಗಳು ಮೊದಲಿನಿಂದಲೂ ಹಟಮಾರಿ. ಮೂಡಲಗಿಯ ಮನೆಯಲ್ಲಿ ವರ್ಷಗಟ್ಟಲೆ ಸ್ಟೂಲಿನ ಮೇಲೆ ಕೂತು ಹೊಲಿಗೆ ಯಂತ್ರ ತುಳಿದ ಮೇಲಂತೂ ಚಕ್ಕಳಮಕ್ಕಳ ಹಾಕುವುದು ಮರೆತೇ ಹೋಗಿತ್ತು. ಪಂಕ್ತಿಯ ಊಟದಲ್ಲಿ ನನಗೊಬ್ಬಳಿಗೇ ಕುರ್ಚಿ ಹಾಕುತ್ತಿದ್ದರು. ಅದನ್ನೂ ನುಂಗಿಕೊಂಡಿದ್ದೆ. ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಕನ್ಯಾದಾನಕ್ಕೆ ಗಂಡ ಹೆಂಡತಿ ಇಬ್ಬರೂ ಮಣೆಯ ಮೇಲೆ ತಾಸುಗಟ್ಟಲೆ ಕೂರಬೇಕು. ಆಗದಿದ್ದರೆ ಚಿಕ್ಕಪ್ಪ ಚಿಕ್ಕಮ್ಮ ಕೂತು ಧಾರೆ ಎರೆಯಬಹುದಲ್ಲ ಎಂದು ಯಾರೋ ಮೆಲ್ಲಗೆ ಅಂದರು. ಚಿಕ್ಕಮ್ಮ ಎಂದರೆ ನನ್ನ ಮೈದುನನ ಹೆಂಡತಿ, ಬೆಲ್ಲದ ಬಾಗೇವಾಡಿಯವಳು. ಎಲುಬೇ ಇಲ್ಲದವಳಂತೆ ಬಾಗುತ್ತಾಳೆ. ಹೆತ್ತವಳು ನಾನು, ಕೊಡುವವಳು ಅವಳೇ? ಮೈಯೆಲ್ಲ ಉರಿಯಿತು.

ಟಿವಿಯಲ್ಲಿ ಬೆಳಗಾದರೆ ಯೋಗ ತೋರಿಸುವುದು ಶುರುವಾಗಿದ್ದ ಕಾಲ. ಗೋಕಾಕದಲ್ಲಿ ಪುಣೆಯಲ್ಲಿ ಕಲಿತು ಬಂದ ಹುಡುಗಿಯೊಬ್ಬಳು ಬಿಸಿ ಯೋಗ ಕಲಿಸುತ್ತಿದ್ದಳು. ಕಾಯಿಸಿದ ಕೋಣೆಯಲ್ಲಿ ಆಸನ ಹಾಕಿದರೆ ಎಂಥ ಮೈಯೂ ಬಾಗುತ್ತದಂತೆ. ಗೋಕಾಕದ ಬಿರುಬೇಸಿಗೆಯಲ್ಲಿ ಕೋಣೆ ಕಾಯಿಸುವುದು! ಆದರೂ ಬಸ್ಸು ಹತ್ತಿದೆ. ಜೊತೆಗೆ ಗಂಡ, ಅವನ ಕೈಯಲ್ಲಿ ನನ್ನ ಚೀಲ.

ಹಳೆಯ ಹತ್ತಿ ಗೋದಾಮಿನ ಮೇಲಿನ ತಗಡಿನ ಕೋಣೆ. ಕಿಟಕಿಗಳಿಗೆ ಕಂಬಳಿ ಬಿಗಿದಿದ್ದರು. ಮೂಲೆಯಲ್ಲಿ ಸ್ಟೋವಿನ ಮೇಲೆ ನೀರಿನ ಹಂಡೆ ಕುದಿಯುತ್ತಿತ್ತು. ಒಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯೊಳಗೆ ಹೊಕ್ಕಂತಾಯಿತು. ಎಲ್ಲರೂ ಬಾಗಿ ಕಾಲ್ಬೆರಳು ಹಿಡಿದರು. ನನ್ನ ಕೈ ಮಂಡಿಯ ಕೆಳಗೆ ಇಳಿಯಲೇ ಇಲ್ಲ. ವಜ್ರಾಸನಕ್ಕೆ ಕೂರಹೋಗಿ ಜೋಳದ ಚೀಲದಂತೆ ಪಕ್ಕಕ್ಕೆ ಉರುಳಿದೆ.

"ಹಟ ಮಾಡಬ್ಯಾಡ್ರಿ ಕಾಕೂ, ಮೈ ಸಡ್ಲ ಬಿಡ್ರಿ," ಎಂದಳು ಹುಡುಗಿ.

"ಹಟ ನಂದಲ್ಲವಾ, ಮಂಡಿದು!" ಎಂದು ಸಿಡುಕಿದೆ. ಅಳುವೇ ಬರುವಂತಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಅವಳು ನೀರು ತಂದು ಹಿಡಿದಳು. ಹೊರಗೆ ಹೊತ್ತು ಮುಳುಗಿತ್ತು. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟುವುದಿಲ್ಲವೆಂದು ನಾನು ನೇಮ ಹಿಡಿದು ವರ್ಷಗಳೇ ಆಗಿದ್ದವು. ಬಿಸಿ ಯೋಗಕ್ಕೆ ಸಂಜೆಯ ಹೊತ್ತನ್ನು ಆರಿಸಿಕೊಂಡ ನನ್ನ ಬುದ್ಧಿಗೆ ಏನೆನ್ನಬೇಕು? ಬೆಳಗಿನ ತಂಡ ಭರ್ತಿಯಾಗಿತ್ತು, ಅಷ್ಟೇ. ತಲೆ ಗಿರ್ರೆಂದಿತು. ಗೋಡೆ ಹಿಡಿದು ಮೆಟ್ಟಿಲಿಳಿದು ಬಂದೆ.

ಕೆಳಗೆ ಕಾಯುತ್ತಿದ್ದ ಗಂಡ ನನ್ನ ಮುಖ ನೋಡಿ, "ಸಾಕ ಬಿಡ. ಆಗೂದಿಲ್ಲ ಅಂದ್ರ ಆಗೂದಿಲ್ಲ," ಎಂದ.

"ಮತ್ತ ಬರೂದ," ಎಂದೆ.

ಮತ್ತೆ ಬಂದೆ. ದಿನ ಬಿಟ್ಟು ದಿನ ಬಂದೆ. ಒಂದು ಸಂಜೆಯೂ ತಪ್ಪಿಸದೆ ಅವನು ಚೀಲ ಹಿಡಿದು ಜೊತೆಗೆ ಬಂದ. ಬೈದುಕೊಳ್ಳುತ್ತ, ಉರುಳುತ್ತ ಕೊನೆಗೆ ಕಾಲು ಮಡಿಸಿ ಕೂರುವುದು ಅಷ್ಟಿಷ್ಟು ಬಂತು. ಕೂತರೆ ಏಳುವುದು ಮಾತ್ರ ಬರಲಿಲ್ಲ.

ಮದುವೆ ಹುಕ್ಕೇರಿಯಲ್ಲಿ. ಮಣೆಯ ಮೇಲೆ ಕೂರುವವರು ಧಾರೆ ಮುಗಿಯುವತನಕ ಉಪವಾಸ ಇರಬೇಕು. ನಾನು ಬೆಳಗಿನಿಂದ ತೊಟ್ಟು ನೀರನ್ನೂ ಕುಡಿದಿರಲಿಲ್ಲ. ಚಹಾದ ತಟ್ಟೆ ಬಂದಾಗ ಮೈದುನನ ಹೆಂಡತಿಯೂ ಬೇಡವೆಂದು ಕೈ ಆಡಿಸಿದಳು.

"ಯಾಕವಾ?" ಎಂದೆ.

ಅವಳು ತಲೆ ತಗ್ಗಿಸಿದಳು. "ಉಪವಾಸ ಇರು ಅಂತ ಭಾವಾರು ಹೇಳ್ಯಾರ್ರಿ ಅಕ್ಕಾರ. ನೀವು ಮೊದಲ್ನೇ ದಿನ ಗೋಕಾಕಕ್ಕ ಹೋಗಿ ಬಂದ್ರಲ್ಲ, ಅವತ್ತ ಹೇಳಿದ್ರು."

ಭಾವ ಎಂದರೆ ನನ್ನ ಗಂಡ. ನನ್ನ ಬದಲು ಇವಳನ್ನು ಮಣೆಯ ಮೇಲೆ ಕೂರಿಸಲು ಒಳಗೊಳಗೇ ಗೊತ್ತುಮಾಡಿಕೊಂಡು, ಅಷ್ಟು ಸಂಜೆ ನನ್ನ ಚೀಲ ಹೊತ್ತಿದ್ದ ಪುಣ್ಯಾತ್ಮ. ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದ ಸಿಟ್ಟೆಲ್ಲ ಅವನ ಮೇಲೆಯೇ.

ನೆಟ್ಟಗೆ ಮಂಟಪಕ್ಕೆ ಹೋದೆ. ಹೂವು ಕಟ್ಟುವವರು ಇನ್ನೂ ಏಣಿ ಇಳಿದಿರಲಿಲ್ಲ. ಕಂಬ ಹಿಡಿದು, ಹಲ್ಲು ಕಚ್ಚಿ, ಖಾಲಿ ಮಣೆಯ ಮೇಲೆ ಕಾಲು ಮಡಿಸಿ ಕೂತುಬಿಟ್ಟೆ. ಮಂಡಿಯಲ್ಲಿ ಜೀವ ಹೋದಂತಾಯಿತು.

ಗಂಡ ಓಡಿ ಬಂದ. "ಈಗ ಯಾಕ ಕುಂತಿ? ಮುಹೂರ್ತಕ್ಕ ಇನ್ನೂ ಭಾಳ ಟೈಮ್ ಐತಿ."

"ಇರ್ಲಿ. ಎದ್ರ ಮತ್ತ ಕುಂದ್ರಾಕ ಬರ್ತೈತೋ ಇಲ್ಲೋ. ನೀವು ಹೋಗಿ ನಿಮ್ಮ ತಮ್ಮನ ಹೆಂಡ್ತಿಗೆ ಚಾ ಕುಡಿ ಅಂತ ಹೇಳ್ರಿ."