ನನ್ನ ಬೆನ್ನ ಹಿಂದೆ ಕುಳಿತಿದ್ದವನು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಜೀವವಿಜ್ಞಾನ ಪಾಠ ಮಾಡುವವನು. ಪುರಾವೆ ಕೇಳುವುದೇ ಅಭ್ಯಾಸ. ಈಗ ಪುರಾವೆಯಿಲ್ಲದ ಸಂಗತಿಯೊಂದು ನನ್ನ ಬಳಿಯೇ ಇದೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ತಿಪ್ಪೇಶ ಮತ್ತು ನಾನು ಒಬ್ಬರೇ ಗುರುಗಳ ಹತ್ತಿರ ಪಿಎಚ್.ಡಿ. ಮಾಡಿದವರು. ಒಂದು ಜೀವಿಪ್ರಭೇದ ಎರಡಾಗಿ ಒಡೆಯುವುದು ಹೇಗೆ ಎಂಬುದೇ ಇಬ್ಬರ ವಿಷಯ. ಅವನು ದೊಡ್ಡ ಸಂಶೋಧನಾ ಸಂಸ್ಥೆ ಸೇರಿದ. ನಾನು ಹೊಸದುರ್ಗದ ಕಾಲೇಜೊಂದರಲ್ಲಿ ಉಳಿದೆ. ಅವನ ಲೇಖನ ಅಚ್ಚಾದಾಗಲೆಲ್ಲ ಫೋನ್ ಮಾಡಿ ಅಭಿನಂದಿಸುತ್ತಿದ್ದೆ. ಆ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಬೇಸಿಗೆ ರಜೆಯಲ್ಲಿ, ಶ್ರೀರಾಂಪುರದಾಚೆಯ ಕಲ್ಲುಹೊಲದಲ್ಲಿ ಒಂದು ಓತಿಕ್ಯಾತ ಕಂಡೆ. ಅಲ್ಲಿನ ಗಂಡುಗಳು ಹೆಣ್ಣನ್ನು ಕರೆಯಲು ಗಂಟಲ ಕೆಳಗಿನ ನೀಲಿ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುತ್ತವೆ. ಇದರದ್ದು ತಾಮ್ರದ ಬಣ್ಣ. ಅಂಥವೇ ಇನ್ನೂ ನಾಲ್ಕು ಇದ್ದವು. ಕೆಲವು ಹೆಣ್ಣುಗಳು ನೀಲಿಯವನ್ನು ಬಿಟ್ಟು ಇವುಗಳ ಹತ್ತಿರವೇ ಹೋಗುತ್ತಿದ್ದವು. ಪ್ರಭೇದ ಒಡೆಯುವುದು ಹೀಗೂ ಶುರುವಾಗಬಹುದು. ನನಗೆ ಮೊದಲು ಬಂದ ಯೋಚನೆ, ತಿಪ್ಪೇಶನಿಗೆ ಗೊತ್ತಾಗಬಾರದು ಎಂಬುದು. ಹೆಂಡತಿಗೂ ಹೇಳಲಿಲ್ಲ.

ಮಾರನೆಯ ದಿನ ಮತ್ತೆ ಹೋದಾಗ, ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಹತ್ತಿರ ಬಂದರು.

“ಏನ್ ಸಾರ್, ಇವತ್ತು ಒಬ್ರೇ ಬಂದೀರಿ? ನಿನ್ನೆ ನಿಮ್ ಹಿಂದೆ ಕುಂತ್ಕಂಡು ಬರ್ಕಳ್ತಿದ್ರಲ್ಲ, ಅವ್ರೆಲ್ಲಿ?”

“ನಿನ್ನೇನೂ ಒಬ್ನೇ ಬಂದಿದ್ದೆ ಅಜ್ಜ.”

“ಇಲ್ರೀ, ಕುಳ್ಳಗಿದ್ರು. ಎಡಗೈಯಾಗೆ ಬರೀತಿದ್ರು. ಅಗೋ, ಆ ದೂರದ ಬಂಡೆ ಮ್ಯಾಲೆ ಕುಂತಿದ್ರು.”

ತಿಪ್ಪೇಶ ಕುಳ್ಳ. ಎಡಚ. ಆದರೆ ಆ ವಾರ ಅವನು ಟೈಫಾಯಿಡ್ ಬಂದು ಹೊಳಲ್ಕೆರೆಯ ಮನೆಯಲ್ಲಿ ಮಲಗಿದ್ದ. ಕಲ್ಲುಹೊಲದಿಂದಲೇ ಅವನಿಗೆ ಫೋನ್ ಮಾಡಿದೆ.

“ಜ್ವರ ಹೆಂಗೈತಲೇ?”

“ಇಳಿದೈತೆ. ಲೇ, ನಿನ್ನೆ ಮಧ್ಯಾಹ್ನ ಒಂದು ಕನಸು ಬಿತ್ತಪ್ಪ. ತಾಮ್ರದ್ ಬಣ್ಣದ ಓತಿಕ್ಯಾತ. ಗಂಟಲು ಬಿಚ್ಚೋಕೆ ಮುಂಚೆ ಮುಂದಿನ ಎಡಗಾಲು ಎತ್ತುತ್ತಿತ್ತು. ಅಂಥವು ಇರ್ತಾವೇನೋ?”

“ಗೊತ್ತಿಲ್ಲ” ಎಂದು ಫೋನ್ ಇಟ್ಟೆ. ಎಡಗಾಲಿನ ವಿಷಯ ನಾನು ಗಮನಿಸಿಯೇ ಇರಲಿಲ್ಲ. ಸಂಜೆಯವರೆಗೆ ಕುಳಿತು ನೋಡಿದೆ. ಐದೂ ಎತ್ತುತ್ತಿದ್ದವು. ನೀಲಿಯವು ಒಂದೂ ಎತ್ತಲಿಲ್ಲ.

ಒಂದು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ತಡೆಯಲಾರದೆ ಹೊಳಲ್ಕೆರೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಜ್ಜನ ಮಾತಿಗೆ “ತಮಾಷೆ ಮಾಡ್ಬ್ಯಾಡ” ಎಂದು ನಕ್ಕ. ಮುಂದೆ ಲೇಖನ ಇಬ್ಬರ ಹೆಸರಲ್ಲಿ ಬಂತು.

ಅಜ್ಜ ಕಂಡಿದ್ದು ಯಾರನ್ನು, ತಿಪ್ಪೇಶನಿಗೆ ಅದು ಹೇಗೆ ಕಂಡಿತು, ನನಗೆ ಇವತ್ತಿಗೂ ತಿಳಿಯದು. ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಆವತ್ತು ನನಗೆ ಹೆದರಿಕೆಯೇ ಆಗಲಿಲ್ಲ. ಓತಿಕ್ಯಾತಗಳ ಪಕ್ಕದಲ್ಲೇ ಕುಳಿತ ನನಗೆ ಕಾಣದ್ದು ಅಷ್ಟು ದೂರದ ಬಂಡೆಯಿಂದ ಇವನಿಗೆ ಹೇಗೆ ಕಂಡಿತು ಎಂದು ಹೊಟ್ಟೆ ಉರಿಯಿತು. ಇನ್ನೂ ಉರಿಯುತ್ತಿದೆ.